ನೂರ ಹದಿನಾಲ್ಕು ಉಲ್ಲೇಖಗಳ ತುಲಾಭಾರ

ತಾವೊಬ್ಬ ದೊಡ್ಡ ವಿಜ್ಞಾನಿ ಎಂಬ ಸಂಗತಿ ಡಾಕ್ಟರ್ ತಿರುಮಲ ಅವರಿಗೆ ಗೊತ್ತಾದದ್ದು 2005ರ ಜೂನ್ ತಿಂಗಳ ಒಂದು ಭಾನುವಾರ, ಎರಡನೆಯ ಡಿಕಾಕ್ಷನ್ ಇಳಿಯುವ ಹೊತ್ತಿಗೆ. ಅದಕ್ಕೆ ಮುಂಚಿನ ಐವತ್ತೆರಡು ವರ್ಷ ಅವರು ಇದನ್ನು ತಿಳಿಯದೆಯೇ ಬದುಕಿದ್ದರು. ಬೆಳಿಗ್ಗೆ ಚೆನ್ನೈಯ ಬೆಸೆಂಟ್ ನಗರದ ಮನೆಯಿಂದ ಹೊರಟು, ಪೋರೂರಿನ ಒಂದು ಆಸ್ಪತ್ರೆಯಲ್ಲಿ ಕಿಡ್ನಿ ರೋಗಿಗಳಿಗೆ ‘ನೀರು ಕಡಿಮೆ ಕುಡಿಯಿರಿ’ ಎಂದು ದಿನಕ್ಕೆ ಅರವತ್ತು ಸಲ ಹೇಳಿ, ಸಂಜೆ ಮನೆಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿಯುವುದೇ ಅವರ ಜೀವನವಾಗಿತ್ತು.

ಹಾಗೆಂದು ಅವರು ಸಂಶೋಧನೆ ಮಾಡಿರಲಿಲ್ಲ ಎನ್ನುವಂತಿಲ್ಲ. 1999ರಲ್ಲಿ ಒಂದು ಲೇಖನ ಬರೆದಿದ್ದರು. ಒಂದೇ ಒಂದು. ಕಿಡ್ನಿ ಕೆಲಸ ನಿಲ್ಲಿಸಿದವರು ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಡಯಾಲಿಸಿಸ್ ಯಂತ್ರ ಅದನ್ನು ತೆಗೆಯಬೇಕು. ಅದಕ್ಕಾಗಿ ರೋಗಿ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ತೂಗುತ್ತಾರೆ. ಹೋದ ಸಲ ಹೊರಟಾಗಿನ ತೂಕಕ್ಕಿಂತ ಈಗ ಬಂದಾಗಿನ ತೂಕ ಎಷ್ಟು ಹೆಚ್ಚಿದೆಯೋ ಅಷ್ಟು ನೀರು ಕದ್ದು ಕುಡಿದಿದ್ದಾರೆ ಎಂದು ಅರ್ಥ. ಚೆನ್ನೈಯ ಬಿಸಿಲಿನಲ್ಲಿ ಕದಿಯಬೇಡಿ ಎಂದರೆ ಯಾರು ಕೇಳುತ್ತಾರೆ? ತಿರುಮಲ ಅವರು ಹಳೆ ವಾರ್ಡಿನ ರೋಗಿಗಳಿಗೆ ಒಂದೊಂದು ಪೊಟ್ಟಣ ಹುರಿದ ಜೀರಿಗೆ ಕೊಟ್ಟು, ಬಾಯಾರಿದಾಗ ನಾಲ್ಕು ಕಾಳು ಬಾಯಲ್ಲಿಟ್ಟುಕೊಳ್ಳಿ ಎಂದರು. ಹೊಸ ವಾರ್ಡಿನವರಿಗೆ ಏನೂ ಕೊಡಲಿಲ್ಲ. ಆರು ತಿಂಗಳು ತೂಗಿ ನೋಡಿದರೆ ಜೀರಿಗೆಯವರು ಪ್ರತಿ ಸಲವೂ ಅರ್ಧ ಕಿಲೋ ಕಡಿಮೆ ನೀರು ಹೊತ್ತು ಬರುತ್ತಿದ್ದರು. ಒಂದು ವಿದೇಶಿ ಪತ್ರಿಕೆ ಅದನ್ನು ತನ್ನ ಕೊನೆಯ ಪುಟಗಳಲ್ಲಿ ಅಚ್ಚು ಹಾಕಿತು. ಡಾಕ್ಟರು ವಾರ್ಡಿಗೆಲ್ಲ ಸಿಹಿ ಹಂಚಿ ಮರೆತುಬಿಟ್ಟರು.

ಆ ಭಾನುವಾರ ಮಗಳು ಭಾವನಾ ಕಂಪ್ಯೂಟರ್ ಮುಂದಿನಿಂದ ಕೂಗಿದಳು. ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಹೊರಟು ಇಂಗ್ಲಿಷಿನಲ್ಲಿ ಮುಗಿಯುತ್ತಿತ್ತು.

“ಅಪ್ಪಾ, ಇಂಗ ವಾಂಗ! ಉಂಗ ಪೇಪರ್‌ಗೆ ಹಂಡ್ರೆಡ್ ಅಂಡ್ ಫೋರ್ಟೀನ್ ಸೈಟೇಶನ್ಸ್!”

“ಅಂದ್ರೆ ಏನಮ್ಮ?”

“ಅಂದ್ರೆ ನೂರ ಹದಿನಾಲ್ಕು ಬೇರೆ ಪೇಪರ್‌ಲ ಉಂಗ ಪೇರು ಇರುಕ್ಕು ಅಪ್ಪಾ. ಎಂಗ ಪ್ರೊಫೆಸರ್‌ಗೇ ಓನ್ಲಿ ಟ್ವೆಂಟಿ ಟೂ!”

ಡಾಕ್ಟರು ಕುಳಿತರು. ಎದ್ದರು. ಮತ್ತೆ ಕುಳಿತರು. ಅಡಿಗೆಮನೆಯಿಂದ ಹೆಂಡತಿ ವೃಂದಾ ಸೌಟು ಹಿಡಿದುಕೊಂಡೇ ಬಂದರು.

“ಯಾವುದು ರೀ, ನಮ್ಮನೆ ಜೀರಿಗೆ ಡಬ್ಬಿ ಖಾಲಿ ಮಾಡಿದ್ರಲ್ಲ, ಆ ಪೇಪರ್ರಾ?”

“ಅದೇ,” ಎಂದರು ತಿರುಮಲ. ಅವರ ದನಿ ಆಗಲೇ ಬದಲಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ನೂರ ಹದಿನಾಲ್ಕರಲ್ಲಿ ಒಂದನ್ನಾದರೂ ತೆರೆದು ಏನು ಬರೆದಿದ್ದಾರೆ ಎಂದು ನೋಡೋಣ ಎಂದು ಆ ಮನೆಯ ನಾಲ್ಕು ಜನರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅಷ್ಟು ದೊಡ್ಡ ಸಂಖ್ಯೆ ಕೈಗೆ ಸಿಕ್ಕಮೇಲೆ ಅಕ್ಷರದ ಹಂಗು ಯಾರಿಗೆ ಬೇಕು?

ನಾಲ್ಕನೆಯವರು ಗೋದಾಬಾಯಿ, ಡಾಕ್ಟರ ಸೋದರತ್ತೆ. ತಾಯಿಯಿಲ್ಲದ ತಿರುಮಲನನ್ನು ಎತ್ತಿ ಆಡಿಸಿ, ಗದರಿಸಿ ಓದಿಸಿ ಡಾಕ್ಟರ್ ಮಾಡಿದವರು. ಎಪ್ಪತ್ತೆಂಟು ವಯಸ್ಸು, ಕಿವಿ ಚುರುಕು.

“ನೂರ ಹದಿನಾಲ್ಕು ಜನಾನೂ ಫಾರಿನ್‌ನವರೇ ಏನೋ ತಿರುಮಲ?”

“ಹೂಂ ಅತ್ತೆ. ಜಪಾನು, ಬ್ರೆಜಿಲ್ಲು, ಡೆನ್ಮಾರ್ಕು...”

“ನೂರೆಂಟು ದಾಟಿತಲ್ಲ, ಅಷ್ಟು ಸಾಕು ಬಿಡು,” ಎಂದು ಅವರು ಕಣ್ಣೊರೆಸಿಕೊಂಡು ಟೆಲಿಫೋನಿನ ಹತ್ತಿರ ಹೋದರು. ಟ್ರಿಪ್ಲಿಕೇನ್‌ನ ನೆಂಟರಿಗೆ ಹೇಳಿದಾಗ ಅದು ನೂರ ಹದಿನಾಲ್ಕು ಲೇಖನವಾಗಿಯೇ ಇತ್ತು. ಅಲ್ಲಿಂದ ಮಾಂಬಲಕ್ಕೆ ಹೋಗುವಾಗ ನೂರ ಹದಿನಾಲ್ಕು ದೇಶವಾಯಿತು. ತಾಂಬರಂ ತಲುಪುವಷ್ಟರಲ್ಲಿ ತಿರುಮಲ ನೂರ ಹದಿನಾಲ್ಕು ಜನ ಜಪಾನೀಯರಿಗೆ ಕಿಡ್ನಿ ಬದಲಾಯಿಸಿ ಬಂದಿದ್ದರು. ಅಲ್ಲಿಂದ ಒಬ್ಬ ದೂರದ ಭಾವ ಫೋನ್ ಮಾಡಿ, “ಪಾಸ್‌ಪೋರ್ಟ್ ಯಾವಾಗ ಮಾಡಿಸಿದೆಯೋ, ಹೇಳಲೇ ಇಲ್ಲ,” ಎಂದು ಕೋಪಿಸಿಕೊಂಡ.

ಡಾಕ್ಟರೂ ಸುಮ್ಮನೆ ಕೂರುವವರಲ್ಲ. ಸಂಜೆ ಎಲಿಯಟ್ಸ್ ಬೀಚಿನಲ್ಲಿ ಮೇಲಿನ ಮನೆಯ ಬದರಿನಾಥರ ಜೊತೆಗೆ ನಡೆಯುತ್ತಿದ್ದಾಗ, “ಏನು ಸೆಕೆ ಸಾರ್, ಬಾಯಿ ಒಣಗಿಹೋಯ್ತು,” ಎಂದರು ಪಾಪ, ಅವರು. ಡಾಕ್ಟರು ನಿಂತುಬಿಟ್ಟರು.

“ಬಾಯಿ ಒಣಗುವ ವಿಷಯದಲ್ಲಿ ನನ್ನನ್ನು ನೂರ ಹದಿನಾಲ್ಕು ಜನ ಉಲ್ಲೇಖಿಸಿದ್ದಾರೆ ಬದರಿನಾಥರೇ.”

“ಓಹೋ,” ಎಂದ ಬದರಿನಾಥ ಮಾರನೆಯ ದಿನದಿಂದ ಬೀಚಿನ ಇನ್ನೊಂದು ತುದಿಯಲ್ಲಿ ನಡೆಯತೊಡಗಿದರು. ಮನೆಯಲ್ಲಿ ವೃಂದಾ, “ನೂರ ಹದಿನಾಲ್ಕು ಉಲ್ಲೇಖದವರು ಕೆಳಗಡೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರಬಹುದೋ?” ಎಂದು ಕೇಳಿದರೆ, ಅವರು ಅದನ್ನೂ ಹೊಗಳಿಕೆ ಎಂದೇ ಭಾವಿಸಿ ಚೀಲ ತೆಗೆದುಕೊಂಡು ಹೊರಡುತ್ತಿದ್ದರು.

ಹೀಗಿರುವಾಗ ಸುದ್ದಿ ಕನ್ನಡ ಸಂಘದ ಅಧ್ಯಕ್ಷ ಗಂಗಾಧರಪ್ಪನವರಿಗೆ ಮುಟ್ಟಿತು. ದಾವಣಗೆರೆ ಕಡೆಯವರು, ಕೋಯಂಬೇಡಿನಲ್ಲಿ ಈರುಳ್ಳಿ ಮಂಡಿ. ಸನ್ಮಾನ ಮಾಡುವುದೆಂದರೆ ಅವರಿಗೆ ಎರಡು ಹೊತ್ತಿನ ಊಟಕ್ಕಿಂತ ಹೆಚ್ಚು. ಶಾಲು ಹೊದಿಸಿ ಹೊದಿಸಿ ಅವರಿಗೆ ಬೇಸರ ಬಂದಿತ್ತು.

“ಡಾಕ್ಟ್ರೇ, ನಿಮ್ಗೆ ತುಲಾಭಾರ ಮಾಡ್ತೀವ್ರಿ,” ಎಂದರು ಸೋಫಾದಲ್ಲಿ ಕೂರುವ ಮುಂಚೆಯೇ. “ನಮ್ಮ ಮಂಡಿ ತಕ್ಕಡಿ ಐತಿ. ಒಂದ್ ತಟ್ಟೆಯಾಗೆ ನೀವು, ಇನ್ನೊಂದ್ರಾಗೆ ಬೆಲ್ಲ. ಆಮ್ಯಾಲೆ ಅದನ್ನ ನಿಮ್ಮ ರೋಗಿಗಳಿಗೇ ಹಂಚೋದು.”

“ಬೆಲ್ಲ ಬೇಡ ಗಂಗಾಧರಪ್ಪನವರೇ. ನನ್ನ ಅರ್ಧ ಜನ ರೋಗಿಗಳಿಗೆ ಸಕ್ಕರೆ ಕಾಯಿಲೆ.”

“ಬಾಳೆಹಣ್ಣು?”

“ಪೊಟ್ಯಾಶಿಯಂ! ಕಿಡ್ನಿಯವರಿಗೆ ಆಗೋದೇ ಇಲ್ಲ.”

“ತೆಂಗಿನಕಾಯಿ ಹಾಕೋಣ.”

“ಅದರಲ್ಲೂ ಪೊಟ್ಯಾಶಿಯಂ.”

“ಹೋಗ್ಲಿ, ಉಪ್ಪು?”

ಡಾಕ್ಟರು ಎದ್ದೇ ನಿಂತರು. ಗಂಗಾಧರಪ್ಪನವರು ಕೈಚೆಲ್ಲಿ, “ಹಂಗಾರೆ ನಮ್ಮ ಮಂಡಿ ಈರುಳ್ಳೀನೇ ಹಾಕ್ತೀನ್ರಿ,” ಎಂದರು. ಒಳಗಿನಿಂದ ಗೋದಾಬಾಯಿಯವರ ದನಿ ಬಂತು: “ಈರುಳ್ಳಿನಾ? ಏಳು ತಲೆಮಾರಿಂದ ಈ ಮನೆ ಹೊಸ್ತಿಲು ದಾಟಿಲ್ಲ ಅದು. ನಮ್ಮ ಹುಡುಗನ್ನ ಈರುಳ್ಳೀಲಿ ತೂಗ್ತಾರಂತೆ!”

ಆಗ ಡಾಕ್ಟರ್ ತಿರುಮಲ ಗಂಟಲು ಸರಿಮಾಡಿಕೊಂಡು ತಮ್ಮ ಜೀವನದ ಎರಡನೆಯ ಸಂಶೋಧನೆಯನ್ನು ಮುಂದಿಟ್ಟರು. “ನನ್ನನ್ನು ಉಲ್ಲೇಖಿಸಿದ ಆ ಲೇಖನಗಳಲ್ಲೇ ತೂಗಿದರೆ ಹೇಗೆ?”

ಗಂಗಾಧರಪ್ಪ ತೊಡೆ ತಟ್ಟಿಕೊಂಡರು. ಸರಸ್ವತಿಯಿಂದಲೇ ತುಲಾಭಾರ! ಇಂಥದ್ದು ಬೆಂಗಳೂರಿನಲ್ಲೂ ಆಗಿರಲಿಕ್ಕಿಲ್ಲ. ಒಂದೇ ತೊಡಕೆಂದರೆ ನೂರ ಹದಿನಾಲ್ಕು ಲೇಖನಗಳೂ ಸೇರಿ ಆರು ಕಿಲೋ, ಡಾಕ್ಟರು ಎಪ್ಪತ್ತನಾಲ್ಕು. ಒಂದೊಂದನ್ನೂ ಹನ್ನೆರಡು ಪ್ರತಿ ತೆಗೆದು, ದಪ್ಪ ರಟ್ಟು ಹಾಕಿ ಹೊಲಿಸುವುದು, ಆಮೇಲೆ ಲೈಬ್ರರಿಗಳಿಗೆ ಹಂಚುವುದು ಎಂದು ತೀರ್ಮಾನವಾಯಿತು. ಆಮಂತ್ರಣ ಅಚ್ಚಾಯಿತು. ಗೋದಾಬಾಯಿ ತಮ್ಮ ಅರಿಶಿನ ಬಣ್ಣದ ಧರ್ಮಾವರಂ ಸೀರೆಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದರು.

ಭಾವನಾ ಕಾಲೇಜಿನ ಲೈಬ್ರರಿಯಿಂದ ಲೇಖನಗಳನ್ನೆಲ್ಲ ತೆಗೆದುಕೊಟ್ಟಳು. ಪ್ರತಿಯೊಂದರಲ್ಲೂ ಡಾಕ್ಟರ ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವ ಕೆಲಸ ಸಂಘದ ಕಾರ್ಯದರ್ಶಿ ಜಯರಾಮಯ್ಯನವರದು. ರೈಲ್ವೆ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು. ಓದದೆ ಒಂದು ಕಾಗದವನ್ನೂ ಕಟ್ಟಿಗೆ ಸೇರಿಸದ ಕೆಟ್ಟ ಅಭ್ಯಾಸ ಅವರಿಗಿತ್ತು.

ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ಅವರು ಒಬ್ಬರೇ ಬಂದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

“ಡಾಕ್ಟ್ರೇ, ಒಂದು ಸಣ್ಣ ಡೌಟು. ಜಪಾನಿನವನು ಹೀಗೆ ಬರೆದಿದ್ದಾನೆ ನೋಡಿ. ‘ತಿರುಮಲ ಅವರ ಮೇಲೆ ನಮಗೆ ತುಂಬ ಗೌರವವಿದೆ. ಆದರೆ ಇದು ಸಾಧ್ಯವೇ ಇಲ್ಲ.’”

“ಹೋಗಲಿ ಬಿಡಿ, ಒಬ್ಬ.”

“ಡೆನ್ಮಾರ್ಕಿನವರು: ‘ತಿರುಮಲ ಅವರು ಹೇಳಿದಂತೆ ಇನ್ನೂರು ಜನರಿಗೆ ಜೀರಿಗೆ ಕೊಟ್ಟೆವು. ಖಾರವೆಂದು ಇನ್ನೂರು ಜನರೂ ಇನ್ನಷ್ಟು ನೀರು ಕುಡಿದರು.’ ಬ್ರೆಜಿಲ್‌ನವರು: ‘ತಿರುಮಲ ಅವರ ಅರ್ಧ ಕಿಲೋ ಎಲ್ಲಿ ಹೋಯಿತು ಎಂಬುದು ನಮ್ಮ ಶಾಸ್ತ್ರದಲ್ಲಿ ಬಗೆಹರಿಯದ ಪ್ರಶ್ನೆ.’ ಹೀಗೇ ನೂರ ಹದಿಮೂರೂ.”

“ಉಳಿದ ಒಂದಾದರೂ?” ಡಾಕ್ಟರ ದನಿ ಬಾವಿಯೊಳಗಿಂದ ಬಂತು.

“ಅದು ತಿರುಮಲ ಬೆಟ್ಟದಲ್ಲಿ ಯಾತ್ರಿಕರು ಕುಡಿಯೋ ನೀರಿನ ಬಗ್ಗೆ. ಕಂಪ್ಯೂಟರು ಅದನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸಿದೆ.”

ಡಾಕ್ಟರ್ ತಿರುಮಲ ಸುಳ್ಳು ಬರೆದಿರಲಿಲ್ಲ. ಆ ಅರ್ಧ ಕಿಲೋವನ್ನು ತಮ್ಮ ಕಣ್ಣಾರೆ ತೂಕದ ಯಂತ್ರದ ಮುಳ್ಳಿನ ಮೇಲೆ ನೋಡಿದ್ದರು, ಒಂದಲ್ಲ ಎರಡಲ್ಲ, ಆರು ತಿಂಗಳು. ಆದರೆ ಜಗತ್ತೆಲ್ಲ ಒಂದಾಗಿ ‘ಇಲ್ಲ’ ಎಂದರೆ ಒಬ್ಬ ಮನುಷ್ಯ ಎಷ್ಟು ದಿನ ‘ಇದೆ’ ಎನ್ನಬಹುದು? ಬಾಲ್ಕನಿಯ ಹಗ್ಗದ ಮೇಲೆ ಅತ್ತೆಯ ಸೀರೆ ಆಡುತ್ತಿತ್ತು. ಮುದುಕಿ ಐವತ್ತು ವರ್ಷ ಕಾದಿದ್ದ ಸಂಭ್ರಮ ಅದು.

“ಜಯರಾಮಯ್ಯನವರೇ, ಈ ವಿಷಯ...”

“ಹೊಲಿಗೆ ಆಗಿಹೋಗಿದೆ ಡಾಕ್ಟ್ರೇ. ರಟ್ಟು ಹಾಕಿದ ಪುಸ್ತಕಾನ ಯಾರು ತೆಗೆದು ನೋಡ್ತಾರೆ? ರೈಲ್ವೇಲಿ ಮೂವತ್ತಾರು ವರ್ಷ ಹೀಗೇ ನಡೀತು,” ಎಂದು ಜಯರಾಮಯ್ಯ ಧೈರ್ಯ ಹೇಳಿ ಹೋದರು.

ಆ ನಾಲ್ಕು ದಿನ ಡಾಕ್ಟರು ತಾವೇ ಜೀರಿಗೆ ಬಾಯಲ್ಲಿಟ್ಟುಕೊಂಡು ಓಡಾಡಿದರು. ಡೆನ್ಮಾರ್ಕಿನವರು ಹೇಳಿದ್ದು ಸರಿಯಾಗಿತ್ತು. ದಿನಕ್ಕೆ ಎರಡು ಚೊಂಬು ನೀರು ಹೆಚ್ಚಾಗಿ ಬೇಕಾಯಿತು.

ಭಾನುವಾರ ಸಂಘದ ಸಭಾಂಗಣ ತುಂಬಿ ತುಳುಕಿತು, ಬಂದವರ ಕೈಗೆಲ್ಲ ಪಾನಕದ ಲೋಟ ಬಂತು. ವೇದಿಕೆಯ ನಡುವೆ ಮಂಡಿಯ ಭಾರೀ ತಕ್ಕಡಿಗೆ ಸೇವಂತಿಗೆ ಸುತ್ತಿದ್ದರು. ಎರಡು ದಿನ ತೊಳೆದಿದ್ದರೂ ಈರುಳ್ಳಿಯ ವಾಸನೆ ಸಣ್ಣಗೆ ಬರುತ್ತಿದ್ದುದರಿಂದ ಗೋದಾಬಾಯಿ ಮುಂದಿನ ಸಾಲಿನಲ್ಲಿ ಸೆರಗು ಮೂಗಿಗೆ ಹಿಡಿದು, ಆದರೂ ಮುಖವೆಲ್ಲ ನಗುವಾಗಿ ಕುಳಿತಿದ್ದರು. ಒಂದು ತಟ್ಟೆಯಲ್ಲಿ ಕೆಂಪು ರಟ್ಟಿನ ಸಂಪುಟಗಳು ಏರಿದ್ದವು. ಎಡಗಡೆಯ ಕುರ್ಚಿಗಳಲ್ಲಿ ಡಾಕ್ಟರ ರೋಗಿಗಳು, ಹದಿನೇಳು ಜನ, ವ್ಯಾನು ಮಾಡಿಕೊಂಡು ಪೋರೂರಿನಿಂದ ಬಂದಿದ್ದರು. ಅವರ ನಾಯಕಿ ಲೀಲಮ್ಮ ಹಪ್ಪಳ ಮಾಡಿ ಮಾರುವವರು. ತಮ್ಮ ಕೈಯ ಹಪ್ಪಳ ತಾವೇ ತಿನ್ನದೆ ಏಳು ವರ್ಷವಾಗಿತ್ತು, ಉಪ್ಪು ವರ್ಜ್ಯ.

ಪೇಟ ತೊಡಿಸಿದರು, ಹಾರ ಹಾಕಿದರು. ಗಂಗಾಧರಪ್ಪ ಮೈಕಿನಲ್ಲಿ, “ಹನ್ನೊಂದು ದೇಶದ ಪಂಡಿತರು ನಮ್ಮ ಡಾಕ್ಟ್ರ ಹೆಸರು ತಗೊಳ್ದೆ ಮುಂದಕ್ಕೆ ಹೋಗಂಗಿಲ್ಲ!” ಎಂದರು. ಅದು ಅಕ್ಷರಶಃ ನಿಜವಾಗಿತ್ತು. ಜಯರಾಮಯ್ಯ ಮಾತ್ರ ನೆಲ ನೋಡಿದರು. ನಾದಸ್ವರ ಏರುತ್ತಿದ್ದಂತೆ ಡಾಕ್ಟರು ಒಂದು ಕಾಲೆತ್ತಿ ತಟ್ಟೆಯ ಮೇಲಿಟ್ಟರು.

“ಸಾಯೇಬ್ರೇ, ಚಪ್ಪಲಿ!” ಎಂದು ತಕ್ಕಡಿಯ ಪಕ್ಕದಲ್ಲಿದ್ದ ಮಂಡಿಯ ಹಮಾಲಿ ಹರಿಹರ ಕೂಗಿದ. ಮೂವತ್ತು ವರ್ಷ ಮೂಟೆ ತೂಗಿದ ಮನುಷ್ಯ, ಮೋಸ ಸಹಿಸುವವನಲ್ಲ. “ಚಪ್ಪಲಿ ಬಿಟ್ಟು ಹತ್ರಿ. ಅರ್ಧ ಕಿಲೋ ಫರಕು ಬರತೈತಿ.”

ಡಾಕ್ಟರ್ ತಿರುಮಲ ಒಂದು ಕಾಲು ತಟ್ಟೆಯಲ್ಲಿ, ಒಂದು ಕಾಲು ವೇದಿಕೆಯಲ್ಲಿ ಇಟ್ಟುಕೊಂಡು ನಿಂತುಬಿಟ್ಟರು. ನಾದಸ್ವರದವರು ಅದೇ ಸ್ವರವನ್ನು ಎಷ್ಟು ಹೊತ್ತು ಎಳೆಯಬಹುದೋ ಅಷ್ಟು ಹೊತ್ತು ಎಳೆದರು, ಆಮೇಲೆ ಉಸಿರು ಸಾಲದೆ ನಿಲ್ಲಿಸಿದರು.

“ಲೀಲಮ್ಮ!” ಎಂದರು ಡಾಕ್ಟರು. “ಆಗ, ಜೀರಿಗೆ ಕೊಡ್ತಿದ್ದಾಗ, ಹಳೆ ವಾರ್ಡಿನಲ್ಲಿ ಬಂದ ಕೂಡಲೇ ತೂಗ್ತಿದ್ವಲ್ಲ? ಚಪ್ಪಲಿ ಹಾಕ್ಕೊಂಡು ನಿಲ್ತಿದ್ರಾ?”

“ಅಯ್ಯಯ್ಯೋ! ತೂಕದ ಮಿಷಿನ್ ಮೇಲ್ಗಡೆ ಗೋಡೇಲೇ ರಾಘವೇಂದ್ರ ಸ್ವಾಮಿಗಳ ಪಟ ಇತ್ತಲ್ಲ ಡಾಕ್ಟ್ರೇ. ಬೆಳಬೆಳಿಗ್ಗೆ ದೀಪ ಬೇರೆ ಹಚ್ಚಿರ್ತಿದ್ರು. ಚಪ್ಪಲಿ ಕಾಲಲ್ಲಿ ಹೇಗೆ ನಿಲ್ಲೋದು?”

“ಹೋಗುವಾಗ?”

“ಹೋಗುವಾಗ ದೀಪ ಆರಿರ್ತಿತ್ತು, ಕೆಳಗೆ ವ್ಯಾನಿನವನು ಹಾರನ್ ಮೇಲೆ ಹಾರನ್ ಹೊಡೀತಿದ್ದ. ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡೇ ಹತ್ತಿ ಇಳಿದು ಓಡ್ತಿದ್ವಿ. ಸ್ವಾಮಿಗಳಿಗೆ ಗೊತ್ತಾಗಲ್ವಾ ಅವಸರ?”

“ಹೊಸ ವಾರ್ಡಿನಲ್ಲಿ?”

“ಅಲ್ಲಿ ಔಷಧಿ ಕಂಪನಿ ಕ್ಯಾಲೆಂಡರ್ ಇತ್ತು. ಅದಕ್ಕೆ ಯಾರು ಚಪ್ಪಲಿ ಬಿಡ್ತಾರೆ?”

“ಆ ಪಟ ಹಾಕಿಸಿದ್ದು ನಾನೇ!” ಎಂದು ಗೋದಾಬಾಯಿ ಎದ್ದು ನಿಂತು ಸಭೆಗೆಲ್ಲ ಕೇಳುವಂತೆ ಹೇಳಿದರು. ನಾಲ್ಕು ಜನ ಚಪ್ಪಾಳೆ ಹೊಡೆದರು.

ಡಾಕ್ಟರಿಗೆ ಎಲ್ಲ ತಿಳಿದುಹೋಯಿತು. ಹೊರಡುವಾಗಿನ ತೂಕಕ್ಕೆ ಚಪ್ಪಲಿ ಸೇರಿತ್ತು, ಮುಂದಿನ ಸಲ ಬಂದಾಗಿನ ತೂಕದಿಂದ ಅದು ಬಿಟ್ಟುಹೋಗಿತ್ತು. ಜೀರಿಗೆ ಏನನ್ನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಭಕ್ತಿ. ಸಭೆಯಲ್ಲಿ ಇದು ಅರ್ಥವಾದದ್ದು ಅವರಿಗೆ ಮತ್ತು ಜಯರಾಮಯ್ಯನವರಿಗೆ ಮಾತ್ರ. ಜಯರಾಮಯ್ಯ ಕಣ್ಣಿನಲ್ಲೇ ‘ಹತ್ತಿ, ಹತ್ತಿ’ ಎಂದು ಸನ್ನೆ ಮಾಡುತ್ತಿದ್ದರು. ಇನ್ನೊಂದು ಕಾಲು ಎತ್ತಿಟ್ಟರೆ ಡಾಕ್ಟರ್ ತಿರುಮಲ ಸಾಯುವವರೆಗೂ ದೊಡ್ಡ ವಿಜ್ಞಾನಿ.

ಅವರು ಇಟ್ಟಿದ್ದ ಕಾಲನ್ನೂ ಕೆಳಗಿಳಿಸಿ ಮೈಕ್ ಹಿಡಿದರು.

“ಬಂಧುಗಳೇ, ಈ ನೂರ ಹದಿನಾಲ್ಕು ಲೇಖನಗಳಲ್ಲಿ ನೂರ ಹದಿಮೂರು ನಾನು ಹೇಳಿದ್ದು ತಪ್ಪು ಎಂದು ಹೇಳುತ್ತವೆ. ಉಳಿದ ಒಂದು ನನ್ನದಲ್ಲ, ತಿಮ್ಮಪ್ಪನ ಬೆಟ್ಟದ್ದು. ನಾನು ಹೇಳಿದ್ದು ನಿಜವಾಗಿಯೂ ತಪ್ಪು. ಯಾಕೆ ತಪ್ಪು ಎಂದು ನನಗೆ ಈಗ ಗೊತ್ತಾಯಿತು. ಹನ್ನೊಂದು ದೇಶಗಳ ಜನ ಆರು ವರ್ಷದಿಂದ ನಮ್ಮ ಲೀಲಮ್ಮನವರ ಚಪ್ಪಲಿಯನ್ನು ಹುಡುಕುತ್ತಿದ್ದಾರೆ. ನಾಳೆಯೇ ಪತ್ರಿಕೆಗೆ ಕಾಗದ ಬರೆದು ಕ್ಷಮೆ ಕೇಳುತ್ತೇನೆ. ಈ ತುಲಾಭಾರಕ್ಕೆ ನಾನು ಯೋಗ್ಯನಲ್ಲ. ಅತ್ತೆ, ನನ್ನನ್ನು ಮನ್ನಿಸಿ.”

ಗಂಗಾಧರಪ್ಪ ಸಂಪುಟಗಳ ಕಡೆಗೊಮ್ಮೆ, ಡಾಕ್ಟರ ಕಡೆಗೊಮ್ಮೆ ನೋಡಿದರು.

“ಅಂದ್ರೆ ಈ ತಟ್ಟೆಯಾಗೆ ಇರೋವೆಲ್ಲ ಜಗಳದ ಕಾಗದ ಏನ್ರಿ?”

“ಹೌದು.”

“ಇಳಿಸ್ರೋ ಅವನ್ನ!” ಎಂದು ಅವರು ಹೌಹಾರಿದರು. ಹರಿಹರ ಸಂಪುಟಗಳನ್ನು ಮೂಟೆಯಂತೆ ಇಳಿಸಿ ಒಗೆದ. ಆದರೆ ಗಂಗಾಧರಪ್ಪನವರ ಸಂಕಟ ಅಲ್ಲಿಗೆ ಮುಗಿಯಲಿಲ್ಲ. “ಹೂ ಕಟ್ಟಿದ ತಕ್ಕಡಿ ಖಾಲಿ ಇಳಿಸಬಾರದ್ರಿ. ವ್ಯಾಪಾರಸ್ಥರಿಗೆ ಆಗಿಬರಲ್ಲ. ಯಾರಾರ ಏನಾರ ಹಾಕ್ರಪ್ಪ!”

“ನಾನು ಹತ್ತಲಾ?” ಎಂದರು ಲೀಲಮ್ಮ.

ಎಲ್ಲರೂ ತಿರುಗಿದರು. ಲೀಲಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು.

“ಏಳು ವರ್ಷದ ಹಿಂದೆ ಇನ್ನೊಬ್ಬ ಡಾಕ್ಟ್ರು ನನಗೆ ಇನ್ನು ಆರೇ ತಿಂಗಳು ಆಯಸ್ಸು ಅಂದಿದ್ರು. ಇವರ ಕೈಗೆ ಬಂದೆ. ಜೀರಿಗೆ ತಿನ್ನಿಸಿದ್ರು, ಬೈದ್ರು, ಗೋಗರೆದ್ರು, ಮಳೇಲಿ ವ್ಯಾನ್ ಬರದೆ ಇದ್ದಾಗ ತಾವೇ ಕಾರಲ್ಲಿ ಬಂದು ಕರ್ಕೊಂಡು ಹೋದ್ರು. ಈಗ್ಲೂ ಇಲ್ಲೇ ಇದೀನಲ್ಲ! ಆ ಜಪಾನಿನವನು ಬೇಕಾದ್ರೆ ಬಂದು ನನ್ನನ್ನ ತಪ್ಪು ಅನ್ನಲಿ ನೋಡೋಣ.”

ಮೊದಲು ಚಪ್ಪಾಳೆ ತಟ್ಟಿದ್ದು ವೃಂದಾ. ಆಮೇಲೆ ಸಭಾಂಗಣದ ಚಾವಣಿ ಹಾರಿಹೋಗುವಷ್ಟು ಸದ್ದಾಯಿತು. ಗೋದಾಬಾಯಿ ಮೂಗಿನಿಂದ ಸೆರಗು ತೆಗೆದು ಕಣ್ಣಿಗೆ ಹಿಡಿದುಕೊಂಡು, “ಏ ತಿರುಮಲ, ಮಂಕೇ, ನಿಂತ್ಕೊಂಡು ನೋಡ್ತೀಯಲ್ಲ, ಹತ್ತು!” ಎಂದು ಗದರಿಸಿದರು.

ಡಾಕ್ಟರು ಚಪ್ಪಲಿ ಬಿಟ್ಟು ತಟ್ಟೆಯೇರಿ ಕುಳಿತರು. ಎದುರಿನ ತಟ್ಟೆಯಲ್ಲಿ ಲೀಲಮ್ಮ. ಡಾಕ್ಟರ ತಟ್ಟೆ ನೆಲ ಬಿಟ್ಟು ಏಳಲಿಲ್ಲ. “ಇನ್ನೊಬ್ರು ಬರ್ರಿ!” ಎಂದ ಹರಿಹರ. ಗಿಂಡಿಯಲ್ಲಿ ಲೇತ್ ಕೆಲಸ ಮಾಡುವ ನಂಜುಂಡ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಐದು ವರ್ಷ ದಾಟಿದವನು, ಓಡಿಬಂದು ಲೀಲಮ್ಮನ ಪಕ್ಕದಲ್ಲಿ ಮುದುಡಿ ಕುಳಿತ. ತಕ್ಕಡಿ ಕಿರ್ರೆಂದಿತು. ಡಾಕ್ಟರ್ ತಿರುಮಲ ಪೇಟ, ಹಾರಗಳ ಸಮೇತ ನೆಲ ಬಿಟ್ಟು ಮೇಲೆದ್ದರು. ಉಳಿದ ಹದಿನೈದು ಜನರೂ ತಮಗೂ ಪಾಳಿ ಬೇಕೆಂದು ವೇದಿಕೆಗೆ ನುಗ್ಗಿದರು. ನಾದಸ್ವರದವರು ಉಸಿರು ತುಂಬಿಕೊಂಡು ಮತ್ತೆ ಶುರುಮಾಡಿದರು. ಡಾಕ್ಟರಿಗೆ ನಗು ಬಂತು, ಅಳುವೂ ಬಂತು. ಇಷ್ಟು ಸಂತೋಷ ಅವರಿಗೆ ನೂರ ಹದಿನಾಲ್ಕು ಎಂದು ಕೇಳಿದ ದಿನವೂ ಆಗಿರಲಿಲ್ಲ.

ಹರಿಹರ ತಟ್ಟೆಯನ್ನೊಮ್ಮೆ ಕಣ್ಣಿನಲ್ಲೇ ಅಳೆದು ಕೂಗಿ ಹೇಳಿದ: “ಅವ್ವಾರು ನಲವತ್ತನಾಲ್ಕೂವರೆ, ಅಣ್ಣಾರು ಐವತ್ತೊಂದು!”

ಡಾಕ್ಟರ ನಗು ಅಲ್ಲಿಗೇ ನಿಂತಿತು.

“ನಲವತ್ತನಾಲ್ಕೂವರೆ? ಲೀಲಮ್ಮ, ಶುಕ್ರವಾರ ನಲವತ್ತೆರಡಕ್ಕೆ ಕಳಿಸಿದ್ದೆ! ಏನು ಕುಡಿದ್ರಿ?”

“ರೇಷ್ಮೆ ಸೀರೆ ಡಾಕ್ಟ್ರೇ,” ಎಂದರು ಲೀಲಮ್ಮ, ಪಾನಕದ ಲೋಟವನ್ನು ಮೆಲ್ಲಗೆ ನಂಜುಂಡನ ಬೆನ್ನ ಹಿಂದೆ ಸರಿಸುತ್ತ. “ಜರಿ ಭಾರ.”

ಡಾಕ್ಟರ್ ತಿರುಮಲ ಈ ಸಲ ಮೋಸಹೋಗಲಿಲ್ಲ. “ನಾಳೆ ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಬನ್ನಿ, ನಾನೇ ತೂಗ್ತೀನಿ!” ಎಂದು ಅವರು ಗಾಳಿಯಲ್ಲಿ ತೂಗಾಡುತ್ತಲೇ ಕೂಗಿದರು. “ಬರುವಾಗಲೂ ಬರಿಗಾಲು, ಹೋಗುವಾಗಲೂ ಬರಿಗಾಲು!”